ಲೆಕ್ಕಕ್ಕೆ ಬಾರದ ನೋವು

ಶಿಕಾಗೊ ಎಂದೊಡನೆ ಸ್ಮರಣ ಸಂಚಿಕೆಗಳ ಲೇಖಕರಿಗೆ 1893ರ ಸರ್ವಧರ್ಮ ಸಮ್ಮೇಳನವೂ ಸ್ವಾಮಿ ವಿವೇಕಾನಂದರೂ ನೆನಪಾಗುವುದು ಸಹಜ. ಡೆಟ್ರಾಯಿಟ್ ಎಂದರೆ ಹೆನ್ರಿ ಫೋರ್ಡ್. ವಿದ್ಯಾರಣ್ಯ ಕನ್ನಡ ಕೂಟ, ಪಂಪ ಕನ್ನಡ ಕೂಟಗಳ ನೆಲೆಯಾದ ಈ ಎರಡು ಊರುಗಳ ಆಸುಪಾಸಿನಲ್ಲಿ ಇನ್ನೊಂದು ಇತಿಹಾಸವೂ ಹರಿದುಬಂದಿದೆ. ಅದು ವೇದಿಕೆಯ ಮೇಲೆ ಪ್ರಸ್ತಾಪವಾಗುವಂಥದಲ್ಲ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ತೆಗೆದ ಸ್ತನವನ್ನು ಮರಳಿ ಕಟ್ಟುವ ವಿದ್ಯೆ, ಅದೆಲ್ಲ ಮುಗಿದು ವರ್ಷಗಳು ಕಳೆದರೂ ಹೋಗದೆ ಉಳಿಯುವ ನೋವು, ಇವುಗಳ ಇತಿಹಾಸ. ಆ ಶಸ್ತ್ರಚಿಕಿತ್ಸೆ ನನಗೂ ಆಗಿದೆ, ಆ ನೋವು ನನಗೂ ಇದೆ ಎಂಬುದನ್ನು ಮೊದಲೇ ತಿಳಿಸಿಬಿಟ್ಟರೆ, ನಾನು ಈ ವಿಷಯವನ್ನೇಕೆ ಆರಿಸಿಕೊಂಡೆನೆಂದು ಓದುಗರು ಊಹಿಸುತ್ತ ಕೂರಬೇಕಾಗುವುದಿಲ್ಲ.

ಆಧುನಿಕ ಸ್ತನಛೇದನದ ಆದ್ಯಪುರುಷನೆಂದು ವಿಲಿಯಂ ಹಾಲ್‌ಸ್ಟೆಡ್‌ನನ್ನು ಹೇಳುತ್ತಾರೆ. ಸ್ತನವನ್ನೂ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ಅವನ ವಿಧಾನದ ವರದಿ 1894ರಲ್ಲಿ, 50 ರೋಗಿಗಳ ವಿವರದೊಡನೆ ಪ್ರಕಟವಾಯಿತು. ಗೆಡ್ಡೆ ಅದೇ ಜಾಗದಲ್ಲಿ ಮರಳಿ ಬಂತೇ ಇಲ್ಲವೇ ಎಂಬುದೇ ಅವನ ಅಳತೆಗೋಲು. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ, ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಆ ಅಳತೆಗೋಲಿನಲ್ಲಿ ತೋಳು ಎತ್ತಲಾಗದ ಹೆಂಗಸಿಗೆ, ರಾತ್ರಿ ಎಡಮಗ್ಗುಲಿಗೆ ಹೊರಳಲಾಗದ ಹೆಂಗಸಿಗೆ ಸ್ಥಾನವಿರಲಿಲ್ಲ. ಮುಂದಿನ ಸುಮಾರು 80 ವರ್ಷ ಅಮೆರಿಕದ ಶಸ್ತ್ರವೈದ್ಯರು ಹೆಚ್ಚಾಗಿ ಈ ದಾರಿಯಲ್ಲೇ ನಡೆದರು. ವಿಚಿತ್ರವೆಂದರೆ ಹಾಲ್‌ಸ್ಟೆಡ್ ಸ್ವತಃ ನೋವುನಿವಾರಕಗಳ ದಾಸನಾಗಿದ್ದ. ಅರಿವಳಿಕೆಯ ಪ್ರಯೋಗಗಳಲ್ಲಿ ಕೊಕೇನಿಗೂ, ಆಮೇಲೆ ಮಾರ್ಫೀನಿಗೂ ಅಂಟಿಕೊಂಡು ಜೀವಮಾನವಿಡೀ ಬಿಡಿಸಿಕೊಳ್ಳಲಾರದೆ ಹೋದ.

ಫೋರ್ಡ್ ತನ್ನ ಮೊದಲ ಗಾಡಿಯನ್ನು ಡೆಟ್ರಾಯಿಟಿನ ಬೀದಿಗಿಳಿಸಿದ 1896ರಲ್ಲೇ ಶಿಕಾಗೊದಲ್ಲಿ ಎಮಿಲ್ ಗ್ರುಬೆ ಎಂಬ ವೈದ್ಯವಿದ್ಯಾರ್ಥಿ ರೋಸ್ ಲೀ ಎಂಬ ಹೆಂಗಸಿನ ಸ್ತನದ ಗೆಡ್ಡೆಗೆ ಕ್ಷ-ಕಿರಣ ಹಾಯಿಸಿದನಂತೆ. ರಾಂಟ್‌ಜೆನ್ ಆ ಕಿರಣವನ್ನು ಜಗತ್ತಿಗೆ ತಿಳಿಸಿ ಆಗಿನ್ನೂ ತಿಂಗಳು ಕಳೆದಿತ್ತಷ್ಟೆ. ತಾನೇ ಮೊದಲಿಗನೆಂಬ ಗ್ರುಬೆಯ ಮಾತನ್ನು ಇತಿಹಾಸಕಾರರು ಪೂರ್ತಿ ಒಪ್ಪಿಲ್ಲ. ಅದೇ ಕಿರಣಗಳಿಂದ ಅವನ ಕೈ ಸುಟ್ಟು, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆಯಾಗಿ, 1960ರಲ್ಲಿ ಅವನು ತೀರಿಕೊಂಡನೆಂಬುದು ಮಾತ್ರ ನಿಜ. ವೈದ್ಯನ ಗಾಯದ ಕಥೆ ಗ್ರಂಥಗಳಲ್ಲಿ ಉಳಿಯಿತು. ರೋಸ್ ಲೀ ಏನು ಅನುಭವಿಸಿದಳೆಂದು ಯಾರೂ ಬರೆದಿಡಲಿಲ್ಲ.

ಮೌನ ಮುರಿದದ್ದು 1974ರಲ್ಲಿ. ಶಿಕಾಗೊದಲ್ಲಿ ಹುಟ್ಟಿ ಮಿಷಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಬೆಳೆದ ಬೆಟ್ಟಿ ಫೋರ್ಡ್ ಅಧ್ಯಕ್ಷರ ಪತ್ನಿಯಾಗಿ ಶ್ವೇತಭವನ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಸೆಪ್ಟೆಂಬರ್ 28ರಂದು ಆಕೆಗೆ ಸ್ತನಛೇದನವಾಯಿತು. ಮರೆಮಾಚುವುದು ಸುಲಭವಿತ್ತು, ಆಕೆ ಮರೆಮಾಚಲಿಲ್ಲ. ಅಲ್ಲಿಯವರೆಗೆ ಪತ್ರಿಕೆಗಳು ಅಚ್ಚುಹಾಕಲು ಹಿಂಜರಿಯುತ್ತಿದ್ದ ಪದ ಮುಖಪುಟಕ್ಕೆ ಬಂತು. ಇದೇ ಬೆಟ್ಟಿ ಫೋರ್ಡ್ ಬಹಳ ಹಿಂದಿನಿಂದ, ಬೇರೊಂದು ನರದ ನೋವಿಗಾಗಿ, ಮಾತ್ರೆ ನುಂಗುತ್ತ ಬಂದಿದ್ದರು. ಮದ್ಯ ಮತ್ತು ಮಾತ್ರೆಗಳ ಚಟಕ್ಕೆ 1978ರಲ್ಲಿ ಚಿಕಿತ್ಸೆ ಪಡೆದು ಅದನ್ನೂ ಬಹಿರಂಗವಾಗಿ ಹೇಳಿದರು. ದೀರ್ಘಕಾಲದ ನೋವಿಗೆ ಅಫೀಮಿನ ಜಾತಿಯ ಔಷಧಗಳನ್ನು ಇಂದಿನ ವೈದ್ಯರು ಏಕೆ ಅಳೆದು ಸುರಿದು ಕೊಡುತ್ತಾರೆಂದು ಗೊಣಗುವವರು ಆಕೆಯ ಈ ಎರಡನೆಯ ಧೈರ್ಯವನ್ನೂ ನೆನೆಯಬೇಕು.

ಆ ದಶಕದ ಕೊನೆಯಲ್ಲಿ ಶಿಕಾಗೊದ ದಕ್ಷಿಣದ ಉಪನಗರಗಳಲ್ಲಿ ಮಿಮಿ ಕಪ್ಲಾನ್, ಆನ್ ಮಾರ್ಕೂ ಎಂಬ ಇಬ್ಬರು ರೋಗಿಗಳು ‘ವೈ-ಮಿ’ ಎಂಬ ಸಂಸ್ಥೆ ಕಟ್ಟಿದರು. ‘ನನಗೇ ಏಕೆ’ ಎಂಬ ಪ್ರಶ್ನೆಯೇ ಅದರ ಹೆಸರು. ಸ್ತನ ಕ್ಯಾನ್ಸರ್ ದಾಟಿಬಂದ ಹೆಂಗಸರೇ ಅದರ ದೂರವಾಣಿಯ ಮುಂದೆ ಕುಳಿತು, ಕರೆ ಮಾಡಿದವರ ಮಾತು ಕೇಳುತ್ತಿದ್ದರು. ವೈದ್ಯರು ಕೇಳದಿದ್ದ ಪ್ರಶ್ನೆಗಳನ್ನು ಅವರು ಕೇಳಿದರು. ಆ ಸಂಸ್ಥೆ 2012ರಲ್ಲಿ ಮುಚ್ಚಿಹೋಯಿತು.

ಇನ್ನು ಪುನರ್ನಿರ್ಮಾಣದ ಮಾತು. ಇದಕ್ಕೂ ನಮ್ಮ ನಾಡಿಗೂ ಇರುವ ನಂಟು ಸೋಜಿಗದ್ದು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಒಬ್ಬ ದೇಶೀ ವೈದ್ಯ, ಇಟ್ಟಿಗೆ ಮಾಡುವ ಕುಲದವನಂತೆ, ಅವನ ಹಣೆಯ ಚರ್ಮವನ್ನು ಬುಡದಲ್ಲಿ ರಕ್ತನಾಳ ಕಡಿಯದೆ ತಿರುಗಿಸಿ ಹೊಸ ಮೂಗು ಕಟ್ಟಿದ. ಸುಶ್ರುತ ಸಂಹಿತೆಯ ಕಾಲದಿಂದ ಬಂದ ವಿದ್ಯೆಯ ಕುಡಿ ಅದು. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ 1794ರಲ್ಲಿ ಇದನ್ನು ಚಿತ್ರಸಹಿತ ಪ್ರಕಟಿಸಿತು. ಯೂರೋಪಿನ ವೈದ್ಯರು ಕಲಿತರು. ಬೆನ್ನಿನ ಅಥವಾ ಕಿಬ್ಬೊಟ್ಟೆಯ ಮಾಂಸವನ್ನು ಅದರ ರಕ್ತನಾಳದೊಡನೆಯೇ ಎದೆಗೆ ತಂದು ಸ್ತನ ಕಟ್ಟುವ ಇಂದಿನ ವಿಧಾನಗಳ ಹಿಂದಿರುವುದೂ ಅದೇ ತತ್ತ್ವ. ಹೊಟ್ಟೆಯಿಂದ ತರುವ ಒಂದು ವಿಧಾನವನ್ನು ಕಾರ್ಲ್ ಹಾರ್ಟ್ರಾಂಫ್ 1982ರಲ್ಲಿ ಪ್ರಕಟಿಸಿ ಪ್ರಸಿದ್ಧಗೊಳಿಸಿದ.

ಇನ್ನೊಂದು ದಾರಿ ಸಿಲಿಕೋನ್ ಚೀಲದ್ದು. ಮೊದಲ ಚೀಲವನ್ನು 1962ರಲ್ಲಿ ಹೂಸ್ಟನ್ನಿನಲ್ಲಿ ಒಬ್ಬಾಕೆಯ ಎದೆಯಲ್ಲಿರಿಸಿದರು. ಅದನ್ನು ತಯಾರಿಸಿದ ಡೌ ಕಾರ್ನಿಂಗ್ ಕಂಪನಿಯ ನೆಲೆ ಮಿಡ್‌ಲ್ಯಾಂಡ್, ಡೆಟ್ರಾಯಿಟಿನಿಂದ ಉತ್ತರಕ್ಕೆ ಎರಡು ಗಂಟೆಯ ಹಾದಿ. ಮೊಕದ್ದಮೆಗಳ ಮಳೆ ಸುರಿದು, 1992ರಲ್ಲಿ ಸರ್ಕಾರ ಸಿಲಿಕೋನ್ ಚೀಲಗಳಿಗೆ ಕಡಿವಾಣ ಹಾಕಿ, ಸ್ತನಛೇದನವಾದವರಂಥ ಕೆಲವರಿಗೆ ಮಾತ್ರ ಉಳಿಸಿತು. ಕಂಪನಿ 1995ರಲ್ಲಿ ದಿವಾಳಿ ರಕ್ಷಣೆ ಕೋರಿತು. ಕಡೆಗೆ 320 ಕೋಟಿ ಡಾಲರುಗಳ ಒಪ್ಪಂದವಾಯಿತು. ಆ ವ್ಯಾಜ್ಯದ ಗದ್ದಲವೆಲ್ಲ ಒಂದೇ ಪ್ರಶ್ನೆಯ ಸುತ್ತ: ಸಿಲಿಕೋನ್ ಸೋರಿ ದೇಹಕ್ಕೆಲ್ಲ ರೋಗ ಹರಡುವುದೇ? ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವೈದ್ಯ ಸಂಸ್ಥೆ 1999ರಲ್ಲಿ, ಅದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದಿತು. ಚೀಲ ಒಡೆಯುವುದು, ಅದರ ಸುತ್ತ ದೇಹ ಕಟ್ಟುವ ಪೊರೆ ಬಿಗಿಯುವುದು, ನೋವು, ಇಂಥ ಸ್ಥಳೀಯ ತೊಂದರೆಗಳೇ ಮುಖ್ಯವೆಂದೂ ಹೇಳಿತು. ಮೊದಲ ವಾಕ್ಯ ಎಲ್ಲ ಪತ್ರಿಕೆಗಳಲ್ಲಿ ಬಂತು, ಎರಡನೆಯದನ್ನು ಓದಿದವರು ಕಡಿಮೆ. 2006ರಲ್ಲಿ ಆ ಚೀಲಗಳು ಅನುಮತಿ ಪಡೆದು ಮಾರುಕಟ್ಟೆಗೆ ಮರಳಿದವು.

ಈ ನೋವು ಬರುವುದಾದರೂ ಹೇಗೆ? ಎರಡನೆಯ ಮತ್ತು ಮೂರನೆಯ ಪಕ್ಕೆಲುಬುಗಳ ನಡುವಿನಿಂದ ಹೊರಟು, ಕಂಕುಳನ್ನು ಹಾಯ್ದು, ತೋಳಿನ ಒಳಬದಿಯ ಚರ್ಮಕ್ಕೆ ಹೋಗುವ ಒಂದು ತೆಳುವಾದ ನರವಿದೆ. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ಅದು ಕತ್ತರಿಸಿಹೋಗಬಹುದು, ಎಳೆತಕ್ಕೆ ಸಿಗಬಹುದು. ಕಡಿದ ನರದ ತುದಿ ಗಂಟುಕಟ್ಟಿಕೊಂಡು ಇಲ್ಲದ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತದೆ. ಚೀಲವಿಡಲು ಎದೆಯ ಸ್ನಾಯುವನ್ನು ಎತ್ತಿ, ಅದರಡಿ ಹಿಗ್ಗುವ ಚೀಲವೊಂದನ್ನಿಟ್ಟು, ವಾರಗಟ್ಟಲೆ ಉಪ್ಪುನೀರು ತುಂಬಿ ಹಿಗ್ಗಿಸಿದಾಗ ಸ್ನಾಯು ಸೆಟೆಯುತ್ತದೆ. ಮಾಂಸ ತಂದವರಿಗೆ ಬೆನ್ನು ಅಥವಾ ಹೊಟ್ಟೆ ಇನ್ನೊಂದು ಗಾಯ. ಕಿರಣ ಚಿಕಿತ್ಸೆಯಾದರೆ ಚರ್ಮ ಗಡುಸಾಗುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಬಹುಕಾಲದ ನೋವಿಗೆ ನರಮಂಡಲವೇ ಹದಗೊಂಡು, ಸೀರೆಯ ಸೆರಗು ತಾಗಿದರೂ ಉರಿಯೆನ್ನುವ ಸ್ಥಿತಿಗೆ ಬರುತ್ತದೆ. ಡೆಟ್ರಾಯಿಟಿನಿಂದ ಶಿಕಾಗೊಕ್ಕೆ ಐ-94 ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆ ಕಾರು ನಡೆಸುವಾಗ ಸೀಟ್ ಬೆಲ್ಟಿನ ಪಟ್ಟಿ ಎದೆಯ ಮೇಲೆ ಹಾಯ್ದು ಮಾಡುವ ಕೆಲಸವನ್ನು ವರ್ಣಿಸುವುದಿಲ್ಲ. ಪಟ್ಟಿಯ ಕೆಳಗೆ ಮಕ್ಕಳ ತಲೆದಿಂಬಿನಷ್ಟು ದಿಂಬು ಇಟ್ಟುಕೊಳ್ಳುವ ಉಪಾಯ ನನಗೆ ಹೇಳಿಕೊಟ್ಟದ್ದು ನಮ್ಮ ಕೂಟದ ಹಿರಿಯರೊಬ್ಬರು. ಅವರಿಗೂ ಈ ಚಿಕಿತ್ಸೆಯಾಗಿತ್ತೆಂದು ನನಗೆ ತಿಳಿದದ್ದು ಆಗಲೇ. ಹದಿನೈದು ವರ್ಷ ಒಂದೇ ಅಡುಗೆಮನೆಯಲ್ಲಿ ಯುಗಾದಿ ಒಬ್ಬಟ್ಟು ತಟ್ಟಿದ್ದೆವು.

ನೋವನ್ನು ಎಣಿಸುವ ಕೆಲಸ ಶುರುವಾದದ್ದು ತಡವಾಗಿ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಿಂದ 1996ರಲ್ಲಿ ಬಂದ ಒಂದು ಸಮೀಕ್ಷೆಯಲ್ಲಿ, ಸ್ತನಛೇದನ ಮಾತ್ರ ಆದವರಲ್ಲಿ 31 ಪ್ರತಿಶತ, ಪುನರ್ನಿರ್ಮಾಣವೂ ಆದವರಲ್ಲಿ 49 ಪ್ರತಿಶತ ಮಂದಿ ನೋವಿದೆಯೆಂದರು. ಪುನರ್ನಿರ್ಮಾಣದಿಂದ ನೋವು ಹೆಚ್ಚುತ್ತದೆಂಬುದನ್ನು ನಂತರದ ಎಲ್ಲ ಅಧ್ಯಯನಗಳೂ ಒಪ್ಪಿಲ್ಲ. ಹೆದರಿ ಚಿಕಿತ್ಸೆ ಬಿಡಬೇಕೆಂದು ಯಾರೂ ತಿಳಿಯಬಾರದು. ಡೆನ್ಮಾರ್ಕಿನಲ್ಲಿ 3,253 ಹೆಂಗಸರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಒಂದರಿಂದ ಮೂರು ವರ್ಷಗಳಾದವರಲ್ಲಿ 47 ಪ್ರತಿಶತಕ್ಕೆ ನೋವಿತ್ತು. ನಮ್ಮ ನೆರೆಯ ಆ್ಯನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದವರು ಈ ಎಣಿಕೆಯಲ್ಲಿ ಮುಂದಾಳುಗಳು. 1990ರ ದಶಕದಲ್ಲೊಮ್ಮೆ, 2012ರಿಂದ ಅಮೆರಿಕ ಮತ್ತು ಕೆನಡದ 11 ಕೇಂದ್ರಗಳನ್ನು ಕೂಡಿಸಿಕೊಂಡು ಇನ್ನೊಮ್ಮೆ, ಪುನರ್ನಿರ್ಮಾಣಕ್ಕೆ ಮೊದಲೂ ಅನಂತರವೂ ಹೆಂಗಸರನ್ನೇ ಕೇಳಿ ಬರೆದುಕೊಂಡರು. ನೋವಿನ ಪ್ರಶ್ನೆಗಳೂ ಅದರಲ್ಲಿದ್ದವು.

ಆ ಪ್ರಶ್ನೆಗಳ ಮೂಲ ರೊನಾಲ್ಡ್ ಮೆಲ್‌ಜ್ಯಾಕ್ 1975ರಲ್ಲಿ ಮಾಂಟ್ರಿಯಲ್ಲಿನಲ್ಲಿ ಮಾಡಿದ ಪದಪಟ್ಟಿ. ನೋವಿಗೆ ಒಂದರಿಂದ ಹತ್ತರವರೆಗಿನ ಅಂಕೆ ಸಾಲದು, ಪದ ಬೇಕು. ಯಾವ ಪದ ಎಂಬುದರಿಂದ ನರದ ನೋವೋ ಸ್ನಾಯುವಿನದೋ ಎಂಬ ಸುಳಿವು ಸಿಗುತ್ತದೆ. ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಉರಿ, ಚಳುಕು, ಸೆಳೆತ, ಸಿಡಿತ, ಜೋಮು, ಬಿಗಿತ, ಹಿಂಡುವುದು, ಚುಚ್ಚುವುದು: ನಮ್ಮ ತಾಯಂದಿರು ಇವನ್ನು ಒಂದರ ಬದಲು ಇನ್ನೊಂದನ್ನು ಬಳಸುವವರಲ್ಲ. ಆದರೆ ಪರೀಕ್ಷೆಯ ಕೋಣೆಯಲ್ಲಿ ತಾಯಿ ಅರ್ಧ ನಿಮಿಷ ವರ್ಣಿಸಿದ್ದನ್ನು ಮಗ ನಾಚಿಕೆಯಿಂದ ‘ಸ್ವಲ್ಪ ನೋವಂತೆ’ ಎಂದು ಇಂಗ್ಲಿಷಿಗೆ ಇಳಿಸುತ್ತಾನೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಥವರಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂಬ ನಿಯಮವಿದೆ. ಚಳುಕು, ಉರಿ ಎಂದವರಿಗೆ ಗ್ಯಾಬಪೆಂಟಿನ್, ಡುಲೊಕ್ಸೆಟಿನ್‌ನಂಥ ನರದ ಔಷಧಗಳೋ ಮರಗಟ್ಟಿಸುವ ಪಟ್ಟಿಯೋ ಹಿಡಿಸಬಹುದು. ಬಿಗಿತವೆಂದವರಿಗೆ ಭುಜದ ವ್ಯಾಯಾಮ, ಗಾಯದ ಗುರುತನ್ನು ತಿಕ್ಕಿ ಸಡಿಲಿಸುವ ಅಂಗಮರ್ದನ ಹೆಚ್ಚು ಉಪಯುಕ್ತ. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮುಲಾಮನ್ನು ಈ ನೋವಿಗೇ ಪರೀಕ್ಷಿಸಿ 1992ರಲ್ಲಿ ವರದಿ ಮಾಡಿದವರು ಕೆನಡದವರು. ಬ್ಯಾಡಗಿಯವರು ಕೇಳಿದ್ದರೆ ನಕ್ಕಾರು. ಪ್ರಾಣಾಯಾಮವೊಂದೇ ಸಾಕೆನ್ನುವ ಹಿತೈಷಿಗಳು ಎಲ್ಲ ಕೂಟಗಳಲ್ಲೂ ಇದ್ದಾರೆ. ನಿದ್ದೆಗೆ ಅದು ನನಗೆ ಸಹಾಯಮಾಡಿದೆ, ನರಕ್ಕೆ ಮಾಡಿಲ್ಲ.

ಪ್ರತಿನಿಧಿಗಳಲ್ಲಿ ಬಹುಮಂದಿ ಅರಿಯದ ಒಂದು ಸಂಗತಿ ಉಳಿಯಿತು. 1998ರ ಅಕ್ಟೋಬರಿನಲ್ಲಿ ಜಾರಿಯಾದ ಮಹಿಳಾ ಆರೋಗ್ಯ ಮತ್ತು ಕ್ಯಾನ್ಸರ್ ಹಕ್ಕುಗಳ ಕಾಯಿದೆಯ ಪ್ರಕಾರ, ಸ್ತನಛೇದನಕ್ಕೆ ಹಣ ಕೊಡುವ ಆರೋಗ್ಯ ವಿಮೆ ಪುನರ್ನಿರ್ಮಾಣಕ್ಕೂ, ಎರಡೂ ಕಡೆ ಸರಿಸಮವಾಗಿ ಕಾಣುವಂತೆ ಇನ್ನೊಂದು ಸ್ತನದ ಶಸ್ತ್ರಚಿಕಿತ್ಸೆಗೂ ಕೊಡಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದೆಯೇ ಇನ್ನೊಂದು ಮಾತಿದೆ: ಸ್ತನಛೇದನದ ಎಲ್ಲ ಹಂತಗಳಲ್ಲಿ ಉಂಟಾಗುವ ದೈಹಿಕ ತೊಡಕುಗಳ ಚಿಕಿತ್ಸೆಗೂ, ತೋಳಿನ ಬಾವೂ ಸೇರಿದಂತೆ, ಹಣ ಸಲ್ಲಬೇಕು. ನೋವಿನ ಚಿಕಿತ್ಸೆಯ ಕೋರಿಕೆಯನ್ನು ವಿಮೆಯವರು ಮೊದಲ ಪತ್ರದಲ್ಲಿ ತಿರಸ್ಕರಿಸಿದರೆ, ಮೇಲ್ಮನವಿಯಲ್ಲಿ ಕಾಯಿದೆಯ ಆ ಮಾತನ್ನು ಇದ್ದಂತೆಯೇ ಎತ್ತಿ ಬರೆಯಬಹುದು. ನಾನು ಬರೆದೆ. ಉತ್ತರ ಬರಲು ಏಳು ವಾರ ಹಿಡಿಯಿತು, ಹಣ ಬಂತು.