ಕಡತದೊಳಗಿನ ಲೆಕ್ಕ

ಕಂಪ್ಲಿಯಿಂದ ತುಂಗಭದ್ರೆಯ ಮೇಲ್ದಿಕ್ಕಿಗೆ ಹೋದರೆ ಹಂಪೆ. ಅಲ್ಲಿ ವಿರೂಪಾಕ್ಷನ ಗುಡಿಯ ರಂಗಮಂಟಪದ ಮುಂದೆ ಕೃಷ್ಣದೇವರಾಯನ 1510ರ ಶಾಸನ ನಿಂತಿದೆ. ದಾನಕ್ಕೆ ಕಲ್ಲು ತಕ್ಕದ್ದು, ಬರೆದದ್ದು ಅಳಿಯಬಾರದು. ಆದರೆ ಊರಿನ ಕಂದಾಯ ವರ್ಷವರ್ಷವೂ ಬದಲಾಗುವಂಥದು. ಅದಕ್ಕೆ ನಮ್ಮ ಶಾನುಭೋಗರು ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತವನ್ನು ಆರಿಸಿಕೊಂಡರು. ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆದು, ಮಡಿಸಿ ಕಂಕುಳಲ್ಲಿಟ್ಟು ಹೊರಡಬಹುದಾಗಿತ್ತು.

ಕಡತವೆಂಬ ಆ ಹೆಸರು ಇಂದು ಕಂಪ್ಯೂಟರಿನ ಫೈಲಿಗೂ ಸಂದಿದೆ. ಆಯ್ಕೆಯ ತೊಡಕೂ ಅದರೊಡನೆಯೇ ಬಂದಿದೆ. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್‌ಆಫೀಸ್ ತಂತ್ರಾಂಶವು 2005ರಲ್ಲಿ, ತನ್ನ ಎರಡನೆಯ ಆವೃತ್ತಿಗೆ, ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಡೇಟಾಬೇಸನ್ನು ಒಳಗೂಡಿಸಿಕೊಂಡಿತು. ಬೇರೆ ಸರ್ವರ್ ಬೇಕಿಲ್ಲ. ಲೆಕ್ಕವೆಲ್ಲ ಒಂದೇ ಕಡತದೊಳಗೆ. ಆದರೆ ಅದು ಜಾವಾ ಇಲ್ಲದೆ ನಡೆಯದು. 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್, 2014ರಲ್ಲಿ ಜಾವಾದ ಹಂಗಿಲ್ಲದ ಫೈರ್‌ಬರ್ಡನ್ನು ಪ್ರಯೋಗಕ್ಕೆ ತಂದಿತು. ಆದರೂ ಹಳೆಯದನ್ನು ಕಿತ್ತೊಗೆಯುವುದು ಸುಲಭವಾಗಲಿಲ್ಲ. ಜನರ ಲೆಕ್ಕಪತ್ರಗಳು ಅದರಲ್ಲಿಯೇ ಕುಳಿತಿದ್ದವು.

ಸಾಧನವನ್ನು ಆರಿಸುವವರು ಬರೆಯುವವನ ಅನುಕೂಲವನ್ನಷ್ಟೇ ನೋಡಿದರೆ ಸಾಲದು, ಮುಂದೆ ಓದಬೇಕಾದವನನ್ನೂ ನೆನೆಯಬೇಕು. ಒರೆಸಿಹೋದ ಕಡತಕ್ಕೂ ತೆರೆಯಲಾಗದ ಕಡತಕ್ಕೂ ಓದುವವನ ಪಾಲಿಗೆ ಭೇದವಿಲ್ಲ.