ನಾ. ಡಿಸೋಜ

ನಾ. ಡಿಸೋಜ (6 ಜೂನ್ 1937 – 5 ಜನವರಿ 2025): ಕನ್ನಡದ ಕಾದಂಬರಿಕಾರ, ಕತೆಗಾರ, ಮಕ್ಕಳ ಸಾಹಿತಿ. ಪೂರ್ಣ ಹೆಸರು ನಾರ್ಬರ್ಟ್ ಡಿಸೋಜ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಜನನ. ತಂದೆ ಶಾಲಾ ಉಪಾಧ್ಯಾಯರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಜಲವಿದ್ಯುತ್ ಯೋಜನೆಯ ಪ್ರದೇಶದಲ್ಲಿ ದುಡಿದ ಇವರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ, ತೋಟ, ಗದ್ದೆ ಕಳೆದುಕೊಂಡವರ ಸಂಕಟವನ್ನು ಹತ್ತಿರದಿಂದ ಕಂಡರು.

ಮುಳುಗಡೆಯ ವಿಷಯವನ್ನು ಡಿಸೋಜ ಸಂಸಾರದ ಒಳಗಿನಿಂದ ನೋಡಿದ್ದು ಅವರ ದೊಡ್ಡ ಸಾಧನೆ. 'ದ್ವೀಪ' ಕಾದಂಬರಿಯಲ್ಲಿ ಗಣಪಯ್ಯ, ಹೆಂಡತಿ ನಾಗವೇಣಿ, ಮುದಿ ತಂದೆ ದುಗ್ಗಜ್ಜ ಇರುವ ಮನೆಯ ಸುತ್ತ ಮಳೆಗಾಲದ ನೀರು ಏರುತ್ತದೆ. ಪರಿಹಾರದ ಕಾಗದಪತ್ರ, ಊರು ಬಿಟ್ಟ ನೆರೆಯವರು, ಗಂಡ ಹೆಂಡಿರ ನಡುವೆ ಬೆಳೆಯುವ ಅನುಮಾನ ಎಲ್ಲವೂ ಒಂದೇ ಸೂರಿನಡಿ ಸೇರುತ್ತವೆ. ನೀರಿನ ಮಟ್ಟದೊಂದಿಗೆ ದಾಂಪತ್ಯದ ಬಿರುಕೂ ದೊಡ್ಡದಾಗುತ್ತದೆ. ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಇದರ ಚಲನಚಿತ್ರ ರೂಪಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ದೊರೆಯಿತು; ನಾಯಕಿಯಾಗಿ ಸೌಂದರ್ಯ ನಟಿಸಿದರು. 'ಕಾಡಿನ ಬೆಂಕಿ'ಯೂ ಸುರೇಶ್ ಹೆಬ್ಳೀಕರ್ ನಿರ್ದೇಶನದಲ್ಲಿ ಸಿನಿಮಾ ಆಯಿತು.

ದೊಡ್ಡವರಿಗೆ ಹೇಳಿದ ನೋವನ್ನು ಮಕ್ಕಳಿಂದ ಮುಚ್ಚಿಡದೆ ಅವರಿಗೂ ತಿಳಿಯುವಂತೆ ಹೇಳಿದವರು ಡಿಸೋಜ. 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಮಂಗಳೂರಿನಲ್ಲಿ ನಿಧನರಾದರು. ಅಭಿವೃದ್ಧಿಯ ಬೆಲೆಯನ್ನು ಒಂದು ಕುಟುಂಬದ ಬದುಕಿನ ಲೆಕ್ಕದಲ್ಲಿ ತೋರಿಸಿದ ಇವರ ಬರಹ ಮಲೆನಾಡನ್ನು ಅರಿಯಲು ಇಂದಿಗೂ ಅತ್ಯಗತ್ಯ.