ಅಜ್ಜನ ಟ್ರಂಕಿನಲ್ಲಿ ಸಿಕ್ಕ ತೆರಿಗೆ ರಸೀದಿ

ಹೋದ ವಾರ ಕೊಪ್ಪದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳೂ ಬಂದಿದ್ದಳು. ಎಲ್‌ಎಲ್‌ಬಿ ಓದುತ್ತಿದ್ದಾಳೆ, ತೆರಿಗೆ ಕಾನೂನಿನ ಪರೀಕ್ಷೆ ಹತ್ತಿರದಲ್ಲಿದೆ. ಅಜ್ಜ ಹಳೇ ಟ್ರಂಕಿನಿಂದ 1978ರ ಒಂದು ರಸೀದಿ ತೆಗೆದು, "ಇದನ್ನ ಕಟ್ಟೋಕೆ ನಿನ್ನಜ್ಜಿ ಬಳೆ ಅಡ ಇಟ್ಟಿದ್ದೆ ಕೂಸೇ" ಅಂದರು. ಕೃಷಿ ಆದಾಯ ತೆರಿಗೆಯ ರಸೀದಿ. ಇವಳು ನಕ್ಕುಬಿಟ್ಟಳು. "ಅಜ್ಜಾ, ಕೃಷಿ ಆದಾಯಕ್ಕೆ ತೆರಿಗೆ ಹಾಕೋ ಹಾಗೇ ಇಲ್ಲ, ಸಂವಿಧಾನದಲ್ಲೇ ಇದೆ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ!"

ಅಜ್ಜ ಮಾತಾಡಲಿಲ್ಲ. ಎದ್ದು ಅಂಗಳಕ್ಕೆ ಹೋದರು.

ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಕೋಡ್ ಬರೆಯುವವನಿಗೆ ಕಾನೂನು ಎಲ್ಲಿಂದ ಗೊತ್ತಿರಬೇಕು? ಆದರೆ ಅಜ್ಜನ ಮುಖ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ.

ಕಥೆ 1860ಕ್ಕೆ ಹೋಗುತ್ತದೆ. 1857ರ ದಂಗೆ ಹತ್ತಿಕ್ಕಿದ ಖರ್ಚಿನಿಂದ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬಲು ಲಂಡನ್ನಿನಿಂದ ಜೇಮ್ಸ್ ವಿಲ್ಸನ್ ಬಂದ. 'ದಿ ಎಕಾನಮಿಸ್ಟ್' ಪತ್ರಿಕೆ ಹುಟ್ಟುಹಾಕಿದವನು ಇವನೇ. ಅದಕ್ಕೂ ಮೊದಲು ಟೋಪಿ ತಯಾರಿಸುತ್ತಿದ್ದನಂತೆ. (ನಮಗೆ ಟೋಪಿ ಹಾಕಿದವರು ಯಾರು ಅಂತ ಕೇಳಿದರೆ ಇನ್ನು ಉತ್ತರ ಸಿದ್ಧ :) ) ವರ್ಷಕ್ಕೆ 200 ರೂಪಾಯಿಗಿಂತ ಹೆಚ್ಚು ಆದಾಯ ಇದ್ದವರಿಗೆ ತೆರಿಗೆ ಬಿತ್ತು. ಜಮೀನಿನ ಆದಾಯವನ್ನೂ ಬಿಡಲಿಲ್ಲ! 1793ರಲ್ಲೇ ನಮ್ಮ ಕಂದಾಯ ಶಾಶ್ವತವಾಗಿ ನಿಗದಿಯಾಗಿದೆ, ಮತ್ತೆ ಇದೇನು ಎಂದು ಬಂಗಾಳದ ಜಮೀನ್ದಾರರು ಗಲಾಟೆ ಮಾಡಿದರು. ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಕೂಡ ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡ. ವಿಲ್ಸನ್ ಅದೇ ಆಗಸ್ಟಿನಲ್ಲಿ ಭೇದಿಯಾಗಿ ಕಲ್ಕತ್ತದಲ್ಲೇ ತೀರಿಕೊಂಡ. ತೆರಿಗೆ 1865ಕ್ಕೆ ನಿಂತಿತು, ಆಮೇಲೆ ಬಂತು, ಹೋಯ್ತು, ಮತ್ತೆ ಬಂತು.

ಕೃಷಿಗೆ ವಿನಾಯಿತಿ ಗಟ್ಟಿಯಾಗಿ ಕೂತಿದ್ದು 1886ರ ಕಾಯ್ದೆಯಲ್ಲಿ. ಅಂದರೆ ಅದು ಸ್ವತಂತ್ರ ಭಾರತ ರೈತನಿಗೆ ಕೊಟ್ಟ ಉಡುಗೊರೆ ಅಲ್ಲ. ಭೂಮಿಯಿಂದ ಕಂದಾಯ ಹೇಗೂ ಬರುತ್ತಿತ್ತಲ್ಲ!

1935ರ ಭಾರತ ಸರ್ಕಾರ ಕಾಯ್ದೆ ಈ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟಿತು. ಬಿಹಾರ 1938ರಲ್ಲೇ ಶುರು ಮಾಡಿತು. ನಮ್ಮ ಸಂವಿಧಾನದ ಏಳನೇ ಅನುಸೂಚಿಯೂ ಅದೇ ದಾರಿ ಹಿಡಿದಿದೆ: ಕೃಷಿಯೇತರ ಆದಾಯ ಕೇಂದ್ರಕ್ಕೆ (82ನೇ ನಮೂದು), ಕೃಷಿ ಆದಾಯ ರಾಜ್ಯಕ್ಕೆ (46ನೇ ನಮೂದು). ನನ್ನ ತಂಗಿ, ಬಹುಶಃ ಅವಳ ಕ್ಲಾಸಿನ ಅರ್ಧ ಜನ, ಎಡವುವುದು ಇಲ್ಲೇ. ಕೇಂದ್ರ ಹಾಕುವ ಹಾಗಿಲ್ಲ ಅನ್ನುವುದನ್ನು ಯಾರೂ ಹಾಕುವ ಹಾಗಿಲ್ಲ ಅಂತ ಓದಿಕೊಳ್ಳುತ್ತಾರೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ 1951ರಲ್ಲಿ, ಆಮೇಲೆ ಮೈಸೂರು ರಾಜ್ಯ 1957ರಲ್ಲಿ ಇಂಥ ಕಾಯ್ದೆ ಮಾಡಿದವು. ಕಾಫಿ ತೋಟದವರು ಕಟ್ಟಿದ್ದು ಇದನ್ನೇ. ಆಗ ಕಾಫಿಯನ್ನು ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಅಜ್ಜಿಯ ಬಳೆ ಯಾಕೆ ಅಡ ಹೋಯಿತು ಅನ್ನುವುದು ಆಗ ಅರ್ಥವಾಯಿತು.

ಇನ್ನೊಂದು ಇದೆ. 1973-74ರಲ್ಲಿ ನೂರಕ್ಕೆ 97.75 ರೂಪಾಯಿ ತೆರಿಗೆ ಇತ್ತು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಇಡೀ ಆದಾಯಕ್ಕಲ್ಲ. ಎರಡು ಲಕ್ಷ ದಾಟಿದ ಭಾಗಕ್ಕೆ ಮಾತ್ರ. ನಮ್ಮ ಆಫೀಸಿನಲ್ಲೂ ಸಂಬಳ ಹೆಚ್ಚಾದಾಗ ಸ್ಲ್ಯಾಬ್ ಬದಲಾಗುತ್ತೆ ಅಂತ ಅಳುವವರು ಇದ್ದಾರೆ, ಬಿಡಿ.

ಬೆಳಿಗ್ಗೆ ತಂಗಿಗೆ ಇದೆಲ್ಲ ತೋರಿಸಿದೆ. ಮೊದಲು ವಾದ ಮಾಡಿದಳು, ಆಮೇಲೆ ತನ್ನ ಪುಸ್ತಕದಲ್ಲೇ 46ನೇ ನಮೂದು ಹುಡುಕಿ ಸುಮ್ಮನಾದಳು. ತಿಂಡಿ ಹೊತ್ತಿಗೆ ಅಜ್ಜನ ಪಕ್ಕ ಕೂತು, "ಅಜ್ಜಾ, ನೀವು ಕಟ್ಟಿದ್ದು ಸರಿಯಾಗೇ ಇತ್ತು. ನಂದೇ ತಪ್ಪು" ಅಂದಳು.

"ಅದು ನಂಗೂ ಗೊತ್ತು ಮಾರಾಯ್ತಿ" ಅಂದರು ಅಜ್ಜ. "ಬಳೆ ಬಿಡಿಸಿದ ಚೀಟಿನೂ ಇದೆ, ತೋರಿಸ್ಲಾ?"

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ರಸೀದಿಗಳಿದ್ದರೆ ಬರೆಯಿರಿ.